ಕಬ್ಬಿನ ಬಿಲ್ಲು ಮತ್ತು ಕ್ರಿಪ್ಟೋ ನಾಣ್ಯ: ಸಭಾಸದರ ಪ್ರಶ್ನೆಗಳಿಗೆ ಉತ್ತರ



ಕಬ್ಬಿನ ಬಿಲ್ಲು ಖಾತೆಗೆ ಜಮಾ ಆಗುವ ದಿನಗಳಲ್ಲಿ ಗಟ ಕಚೇರಿಗೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಕುಳೆ ಕಬ್ಬಿನ ಗೊಬ್ಬರ, ಬೀಜದ ಕಬ್ಬು, ಹನಿ ನೀರಾವರಿ ಇವುಗಳಿಗೆ ಸಂಬಂಧಿಸಿರುತ್ತವೆ. ಈಚೆಗೆ ಅವುಗಳ ಜೊತೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. “ಸಾಹೇಬರೇ, ಹುಡುಗ ಮೊಬೈಲಿನಲ್ಲಿ ಬಿಟ್‌ಕಾಯಿನ್ ತಗೋತೀನಿ ಅಂತಾನೆ. ರೊಕ್ಕ ಕೊಡಬೇಕೋ, ಬ್ಯಾಡೋ?”

ಇದು ಬೇಸಾಯದ ವಿಷಯವಲ್ಲವೆಂದು ಕೈಬಿಡುವಂತಿಲ್ಲ. ಹನ್ನೆರಡರಿಂದ ಹದಿನೆಂಟು ತಿಂಗಳು ಹೊಲದಲ್ಲಿ ನಿಂತ ಬೆಳೆಯ ಹಣ ಒಂದೇ ಸಲ ಕೈಗೆ ಬರುತ್ತದೆ. ಸೊಸಾಯಿಟಿ ಸಾಲ, ಮುಂದಿನ ನಾಟಿ, ಮಕ್ಕಳ ಶಾಲೆ, ಮನೆಯ ಮದುವೆ ಎಲ್ಲವೂ ಅದರಲ್ಲಿಯೇ ಆಗಬೇಕು. ಆ ಹಣ ಎತ್ತ ಹೋಗುತ್ತದೆಂಬುದು ಸಭಾಸದನಿಗೆ ತಿಳಿದಿರಲೇಬೇಕು. ಆದುದರಿಂದ ಪದೇ ಪದೇ ಬರುವ ಪ್ರಶ್ನೆಗಳನ್ನು ಒಂದೆಡೆ ಕೂಡಿಸಿ ಉತ್ತರ ಕೊಟ್ಟಿದೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ಭಾಗದ ಸಭಾಸದರು ಮನೆಯ ಹುಡುಗರಿಗೂ ಇದನ್ನು ಓದಿಸಬೇಕೆಂದು ವಿನಂತಿ.

ಪ್ರಶ್ನೆ 1: ಕ್ರಿಪ್ಟೋ ನಾಣ್ಯವೆಂದರೆ ನಿಜವಾಗಿ ಏನು?

ಉತ್ತರ: ಇದು ಕೈಯಲ್ಲಿ ಹಿಡಿಯುವ ನಾಣ್ಯವಲ್ಲ, ಒಂದು ಲೆಕ್ಕದ ನಮೂದು. ಅಂಗಡಿಯ ಕಿರ್ದಿ ಪುಸ್ತಕ ಒಬ್ಬನೇ ಸಾಹುಕಾರನ ಬಳಿ ಇರುತ್ತದೆ. ಇಲ್ಲಿ ಅದೇ ಕಿರ್ದಿಯ ಪ್ರತಿಗಳು ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಇರುತ್ತವೆ. ಪ್ರತಿಯೊಂದು ಹೊಸ ಪುಟದ ಮೇಲೆ ಹಿಂದಿನ ಪುಟದ ಗುರುತು ಇರುವುದರಿಂದ ಹಳೆಯ ನಮೂದನ್ನು ಗುಟ್ಟಾಗಿ ತಿದ್ದಲು ಬರುವುದಿಲ್ಲ. ಈ ಪುಟಗಳ ಸರಣಿಗೆ ಬ್ಲಾಕ್‌ಚೈನ್ ಎಂದು ಹೆಸರು.

ಮೊದಲನೆಯ ನಾಣ್ಯ ಬಿಟ್‌ಕಾಯಿನ್. ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಇದರ ಯೋಜನೆ ಪ್ರಕಟವಾಯಿತು. 2009ರ ಜನವರಿಯಲ್ಲಿ ಚಾಲ್ತಿಗೆ ಬಂತು. ಸುಮಾರು ಹತ್ತು ನಿಮಿಷಕ್ಕೆ ಒಂದು ಪುಟ ಸೇರುತ್ತದೆ. ಪುಟ ಸೇರಿಸಿದ ಯಂತ್ರದ ಒಡೆಯನಿಗೆ ಹೊಸ ನಾಣ್ಯ ಸಿಗುತ್ತದೆ. ಆರಂಭದಲ್ಲಿ ಪುಟಕ್ಕೆ 50 ನಾಣ್ಯ ಸಿಗುತ್ತಿತ್ತು. ಸರಿಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತ ಬಂದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷ ಮೀರದಂತೆ ನಿಯಮವಿದೆ. ಬಿಟ್‌ಕಾಯಿನ್ ನಂತರ 2015ರಲ್ಲಿ ಇಥೀರಿಯಂ ಬಂತು. ಆಮೇಲೆ ಸಾವಿರಾರು ನಾಣ್ಯಗಳು ಹುಟ್ಟಿವೆ. ಹೊಸ ನಾಣ್ಯವನ್ನು ಯಾರು ಬೇಕಾದರೂ ಹುಟ್ಟಿಸಬಹುದು ಎಂಬುದನ್ನು ಮರೆಯಬಾರದು.

ಪ್ರಶ್ನೆ 2: ಫೋನಿನಿಂದ ಹಣ ಕಳಿಸುವುದಕ್ಕೂ ಇದಕ್ಕೂ ವ್ಯತ್ಯಾಸವೇನು? ಇ-ರೂಪಾಯಿ ಎಂದರೆ ಇದೇನೆ?

ಉತ್ತರ: ಮೂರೂ ಬೇರೆ ಬೇರೆ. ಯು.ಪಿ.ಐ. ಮೂಲಕ ಹೋಗುವುದು ತಮ್ಮ ಬ್ಯಾಂಕಿನ ಖಾತೆಯ ರೂಪಾಯಿ. ಇ-ರೂಪಾಯಿ ಎಂಬುದು ರಿಸರ್ವ್ ಬ್ಯಾಂಕೇ ಹೊರಡಿಸಿದ ಡಿಜಿಟಲ್ ರೂಪಾಯಿ. ಸಾರ್ವಜನಿಕರಿಗಾಗಿ ಇದರ ಪ್ರಯೋಗ ದಿ. 1-12-2022ರಂದು ಆರಂಭವಾಯಿತು. ಅದರ ನೂರು ರೂಪಾಯಿ ಯಾವಾಗಲೂ ನೂರು ರೂಪಾಯಿಯೇ. ಕ್ರಿಪ್ಟೋ ನಾಣ್ಯದ ಹಿಂದೆ ರಿಸರ್ವ್ ಬ್ಯಾಂಕೂ ಇಲ್ಲ, ಸರಕಾರವೂ ಇಲ್ಲ.

ಪ್ರಶ್ನೆ 3: ಇದು ಕಾನೂನುಬಾಹಿರವೆ?

ಉತ್ತರ: ಕೊಳ್ಳುವುದು, ಮಾರುವುದು ಅಪರಾಧವಲ್ಲ. ಆದರೆ ಇದು ದೇಶದ ಚಲಾವಣೆಯ ಹಣವಲ್ಲ. ಸಾಲಕ್ಕೆ ಬದಲು ಇದನ್ನು ತೆಗೆದುಕೊಳ್ಳಿರೆಂದು ಯಾರನ್ನೂ ಒತ್ತಾಯಿಸಲು ಬರುವುದಿಲ್ಲ. ಇದರ ಬಗ್ಗೆ ರಿಸರ್ವ್ ಬ್ಯಾಂಕು 2013ರಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು. 2018ರ ಏಪ್ರಿಲ್‌ನಲ್ಲಿ ಇಂಥ ವ್ಯವಹಾರದವರಿಗೆ ಸೇವೆ ಕೊಡಕೂಡದೆಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಸದರಿ ಸುತ್ತೋಲೆಯನ್ನು ಸುಪ್ರೀಂ ಕೋರ್ಟು ದಿ. 4-3-2020ರಂದು ರದ್ದುಮಾಡಿತು. 2022ರಲ್ಲಿ ಸರಕಾರ ತೆರಿಗೆ ಹಾಕಿತು. 2023ರ ಮಾರ್ಚ್‌ನಿಂದ ಈ ವ್ಯವಹಾರ ನಡೆಸುವ ಸಂಸ್ಥೆಗಳು ಅಕ್ರಮ ಹಣ ತಡೆ ಕಾಯಿದೆಯ ಕೆಳಗೆ ಬಂದಿವೆ. ಅವು ಕೇಂದ್ರ ಸರಕಾರದ ಎಫ್.ಐ.ಯು. ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ತೆರಿಗೆ ಹಾಕಿದ್ದಾರೆಂದರೆ ಸರಕಾರ ಜವಾಬುದಾರಿ ಹೊತ್ತಿದೆ ಎಂದು ತಿಳಿಯಬಾರದು. ಬ್ಯಾಂಕಿನ ಠೇವಣಿಗೆ ರೂ. 5 ಲಕ್ಷದವರೆಗೆ ವಿಮೆ ಇದೆ. ನಾಣ್ಯಕ್ಕೆ ಅಂಥ ರಕ್ಷಣೆ ಇಲ್ಲ.

ಪ್ರಶ್ನೆ 4: ಒಂದು ಬಿಟ್‌ಕಾಯಿನ್‌ಗೆ ಲಕ್ಷಗಟ್ಟಲೆ ಬೆಲೆಯೆನ್ನುತ್ತಾರೆ. ಸಣ್ಣ ರೈತ ಕೊಳ್ಳುವುದು ಹೇಗೆ?

ಉತ್ತರ: ಪೂರ್ತಿ ನಾಣ್ಯ ಕೊಳ್ಳಬೇಕೆಂದಿಲ್ಲ. ಒಂದು ಬಿಟ್‌ಕಾಯಿನ್‌ನಲ್ಲಿ ಹತ್ತು ಕೋಟಿ ಭಾಗಗಳಿವೆ. ಕೆಲವು ನೂರು ರೂಪಾಯಿಗೂ ತುಣುಕು ಸಿಗುತ್ತದೆ. ಎಕ್ಸ್‌ಚೇಂಜ್ ಎಂಬ ವಿನಿಮಯ ಸಂಸ್ಥೆಯಲ್ಲಿ ಪ್ಯಾನ್, ಆಧಾರ್ ಕೊಟ್ಟು ಖಾತೆ ತೆರೆದು, ಬ್ಯಾಂಕಿನಿಂದ ಹಣ ಹಾಕಿ ಕೊಳ್ಳುವುದು ಕ್ರಮ.

ಕೆಲವರು ಅಪರಿಚಿತರೊಡನೆ ನೇರವಾಗಿ ಕೊಟ್ಟು ತಂದು ಮಾಡುತ್ತಾರೆ. ಇದರಲ್ಲಿ ದೊಡ್ಡ ಅಪಾಯವಿದೆ. ನಾಣ್ಯ ಪಡೆದು ತಮಗೆ ರೂಪಾಯಿ ಕಳಿಸಿದವನು ಇನ್ನೊಬ್ಬರಿಗೆ ಮೋಸಮಾಡಿದ ಹಣವನ್ನೇ ಕಳಿಸಿದ್ದರೆ, ಪೊಲೀಸ್ ತನಿಖೆಯಲ್ಲಿ ತಮ್ಮ ಖಾತೆಗೆ ತಡೆ ಬೀಳುತ್ತದೆ. ಕಬ್ಬಿನ ಬಿಲ್ಲು ಬರುವ ಖಾತೆಗೇ ತಡೆ ಬಿದ್ದರೆ ಆ ಮನೆಯ ವರ್ಷವೇ ಕೆಟ್ಟಂತೆ.

ಪ್ರಶ್ನೆ 5: ಕೊಂಡ ನಾಣ್ಯ ಎಲ್ಲಿರುತ್ತದೆ?

ಉತ್ತರ: ನಮೂದು ಎಲ್ಲರ ಕಿರ್ದಿಯಲ್ಲಿರುತ್ತದೆ, ಅದನ್ನು ಸಾಗಿಸುವ ಗುಪ್ತ ಕೀಲಿಕೈ ಯಾರ ಹತ್ತಿರ ಇದೆಯೋ ಅವರೇ ಒಡೆಯರು. ನಾಣ್ಯವನ್ನು ಎಕ್ಸ್‌ಚೇಂಜಿನಲ್ಲಿಯೇ ಬಿಟ್ಟರೆ ಕೀಲಿಕೈ ಅವರ ಬಳಿ ಇರುತ್ತದೆ. ದಿ. 18-7-2024ರಂದು ವಜೀರ್‌ಎಕ್ಸ್ ಎಂಬ ಭಾರತೀಯ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಹತ್ತಿರ ಹತ್ತಿರ ರೂ. 2,000 ಕೋಟಿ ಬೆಲೆಯ ನಾಣ್ಯಗಳು ಕಳುವಾದವು. ಗ್ರಾಹಕರು ತಮ್ಮ ನಾಣ್ಯಕ್ಕಾಗಿ ಒಂದು ವರ್ಷಕ್ಕೂ ಮೇಲೆ ಕಾಯಬೇಕಾಯಿತು. 2022ರ ನವೆಂಬರ್‌ನಲ್ಲಿ ಎಫ್.ಟಿ.ಎಕ್ಸ್. ಎಂಬ ದೊಡ್ಡ ವಿದೇಶಿ ಸಂಸ್ಥೆಯೇ ದಿವಾಳಿಯಾಯಿತು. ಅದರ ಸ್ಥಾಪಕನಿಗೆ 2024ರಲ್ಲಿ ಅಮೆರಿಕದ ನ್ಯಾಯಾಲಯ 25 ವರ್ಷ ಸಜೆ ವಿಧಿಸಿತು.

ಸ್ವಂತ ವಾಲೆಟ್‌ನಲ್ಲಿ ಇಟ್ಟುಕೊಂಡರೆ ಕೀಲಿಕೈ ತಮ್ಮದೇ. ಅದರ ಬದಲಿಗೆ 12 ಅಥವಾ 24 ಇಂಗ್ಲಿಷ್ ಶಬ್ದಗಳ ಸಾಲೊಂದನ್ನು ಕೊಡುತ್ತಾರೆ. ಅದನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಬೇಕು. ಕಳೆದರೆ ಯಾವ ಕಚೇರಿಯೂ ಇನ್ನೊಂದು ಪ್ರತಿ ಕೊಡಲಾರದು. ಇದು ಉತಾರವಲ್ಲ, ತಲಾಠಿಯ ಹತ್ತಿರ ನಕಲು ಸಿಗುವುದಿಲ್ಲ. ಆ ಶಬ್ದಗಳು ಇನ್ನೊಬ್ಬರಿಗೆ ತಿಳಿದರೆ ನಾಣ್ಯ ಅವರ ಪಾಲು. ತಪ್ಪು ವಿಳಾಸಕ್ಕೆ ಕಳಿಸಿದ ನಾಣ್ಯವನ್ನು ಮರಳಿ ತರಿಸುವ ಅಧಿಕಾರವೂ ಯಾರಿಗೂ ಇಲ್ಲ.

ಪ್ರಶ್ನೆ 6: ಬೆಲೆ ಇಷ್ಟು ಏರಿಳಿತವಾಗುವುದೇಕೆ?

ಉತ್ತರ: ಸೊಲ್ಲಾಪುರ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ದರ ಎಷ್ಟೇ ಬಿದ್ದರೂ ಅದನ್ನು ತಿನ್ನುವವರು ಇರುತ್ತಾರೆ. ಕಬ್ಬಿಗೆ ಎಫ್.ಆರ್.ಪಿ. ಇದೆ. ನಾಣ್ಯಕ್ಕೆ ತಿನ್ನುವವರೂ ಇಲ್ಲ, ಎಫ್.ಆರ್.ಪಿ.ಯೂ ಇಲ್ಲ. ಮುಂದೆ ಹೆಚ್ಚು ಬೆಲೆಗೆ ಕೊಳ್ಳುವವನು ಬರುತ್ತಾನೆಂಬ ನಂಬಿಕೆಯ ಮೇಲೆಯೇ ಬಹುಮಟ್ಟಿಗೆ ದರ ನಿಂತಿದೆ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69,000 ಡಾಲರ್ ಮುಟ್ಟಿತ್ತು. ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಇಳಿಯಿತು. 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಈ ಮೂರು ಅಂಕಿಗಳಲ್ಲಿ ಮೊದಲನೆಯದು ಮತ್ತು ಮೂರನೆಯದನ್ನು ಮಾತ್ರ ತೋರಿಸುವವರು ಬಹಳ ಜನ. 2021ರ ನವೆಂಬರ್‌ನ ಆ ಏರಿದ ದರಕ್ಕೆ ಒಂದು ಲಕ್ಷ ರೂಪಾಯಿ ಹಾಕಿ, ಮರುವರ್ಷ ಇಳಿದ ದರಕ್ಕೆ ಸಾಲ ತೀರಿಸಲು ಮಾರಬೇಕಾಗಿ ಬಂದವನ ಕೈಗೆ ಸುಮಾರು ಕಾಲುಭಾಗ ಮಾತ್ರ ಉಳಿಯಿತು. ಕಾಯಬಲ್ಲವನಿಗೂ ಕಾಯಲಾರದವನಿಗೂ ಒಂದೇ ಪೇಟೆ ಎರಡು ಬಗೆಯ ಫಲ ಕೊಡುತ್ತದೆ.

ಪ್ರಶ್ನೆ 7: ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಷ್ಟೆ. ನಮಗೆ ಇದರ ಮೇಲೂ ತೆರಿಗೆ ಇಲ್ಲವೆ?

ಉತ್ತರ: ಇದೆ. ಈ ಪ್ರಶ್ನೆಯನ್ನು ಎಲ್ಲರೂ ಗಮನವಿಟ್ಟು ಓದಬೇಕು. ಕಬ್ಬಿನ ಹಣದಿಂದ ಕೊಂಡರೂ ನಾಣ್ಯದ ಲಾಭ ಕೃಷಿ ಆದಾಯವಲ್ಲ. ದಿ. 1-4-2022ರಿಂದ ಇಂಥ ಲಾಭದ ಮೇಲೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಇದೆ. ಇತರ ಆದಾಯ ಎಷ್ಟೇ ಕಡಿಮೆಯಿದ್ದರೂ ದರ ಇದೇ. ಕೊಂಡ ಬೆಲೆಯ ಹೊರತು ಬೇರೆ ಖರ್ಚು ಕಳೆಯಲು ಬರುವುದಿಲ್ಲ. ಒಂದು ನಾಣ್ಯದ ಹಾನಿಯನ್ನು ಇನ್ನೊಂದು ನಾಣ್ಯದ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ಉದಾಹರಣೆ ನೋಡಿರಿ:

ಮೊದಲನೆಯ ನಾಣ್ಯ: ಕೊಂಡದ್ದು ರೂ. 60,000, ಮಾರಿದ್ದು ರೂ. 1,00,000, ಲಾಭ ರೂ. 40,000.
ಎರಡನೆಯ ನಾಣ್ಯ: ಕೊಂಡದ್ದು ರೂ. 80,000, ಮಾರಿದ್ದು ರೂ. 50,000, ಹಾನಿ ರೂ. 30,000.
ನಿಜವಾಗಿ ಕೈಗೆ ಉಳಿದ ಲಾಭ: ರೂ. 10,000.
ತೆರಿಗೆ: ರೂ. 40,000ದ ಶೇ. 30ರಂತೆ ರೂ. 12,000, ಸೆಸ್ ರೂ. 480, ಒಟ್ಟು ರೂ. 12,480.

ಅಂದರೆ ಹತ್ತು ಸಾವಿರ ಗಳಿಸಿದೆನೆಂದು ತಿಳಿದವನು ವಾಸ್ತವದಲ್ಲಿ ರೂ. 2,480 ಕಳೆದುಕೊಂಡನು.

ಇದಲ್ಲದೆ ದಿ. 1-7-2022ರಿಂದ ಮಾರಾಟದ ಮೊತ್ತದಲ್ಲಿ ಶೇ. 1ನ್ನು ಟಿ.ಡಿ.ಎಸ್. ಎಂದು ಮೊದಲೇ ಕಡಿತಮಾಡುತ್ತಾರೆ. ಇದು ಪ್ಯಾನ್ ಸಂಖ್ಯೆಯ ಮೇಲೆ ಜಮಾ ಆಗುತ್ತದೆ. ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಅಥವಾ ಮರಳಿ ಪಡೆಯಲು ಆದಾಯ ತೆರಿಗೆ ರಿಟರ್ನ್ ತುಂಬಬೇಕು. ಪ್ರತಿ ಖರೀದಿ, ಮಾರಾಟದ ತಾರೀಖು ಮತ್ತು ಬೆಲೆಯನ್ನು ತೂಕದ ಪಾವತಿಗಳಂತೆ ಜೋಡಿಸಿಟ್ಟಿರಬೇಕು.

ಪ್ರಶ್ನೆ 8: ದಿನಾಲು ಕೊಂಡು ಮಾರಿದರೆ ಸಂಪಾದನೆ ಆಗುವುದಿಲ್ಲವೆ?

ಉತ್ತರ: ರೂ. 50,000ದಂತೆ ಇಪ್ಪತ್ತು ಸಲ ಮಾರಿದರೆ ಒಟ್ಟು ಮಾರಾಟ ರೂ. 10 ಲಕ್ಷ; ಟಿ.ಡಿ.ಎಸ್. ಒಂದೇ ರೂ. 10,000 ಸಿಕ್ಕಿಕೊಳ್ಳುತ್ತದೆ. ಎಕ್ಸ್‌ಚೇಂಜಿನ ಶುಲ್ಕ, ಅದರ ಮೇಲಿನ ಜಿ.ಎಸ್.ಟಿ. ಬೇರೆ. ಈ ಪೇಟೆಗೆ ರಾತ್ರಿಯೂ ಇಲ್ಲ, ರಜೆಯೂ ಇಲ್ಲ; ನಾವು ಮಲಗಿದಾಗಲೂ ದರ ಬೀಳುತ್ತದೆ.

ಹತ್ತು ಪಟ್ಟು ಸಾಲದ ಮೇಲೆ ನಡೆಯುವ ವಾಯಿದೆ ವ್ಯಾಪಾರ ಇನ್ನೂ ಕಠಿಣ. ರೂ. 10,000 ಕಟ್ಟಿ ರೂ. 1 ಲಕ್ಷದ ವ್ಯವಹಾರ ಹಿಡಿದವನಿಗೆ ದರ ಶೇ. 10 ತಿರುಗಿದರೆ ಕಟ್ಟಿದ ಹಣವೆಲ್ಲ ಹೋಯಿತು. ಹೊಸಬರು ಇದರ ಗೊಡವೆಗೆ ಹೋಗಬಾರದು.

ಪ್ರಶ್ನೆ 9: ತಿಂಗಳಿಗೆ ಶೇ. 10 ಖಾತ್ರಿ ಲಾಭವೆನ್ನುತ್ತಾರೆ, ಊರಿನವರೇ ಸೇರಿಸಿಕೊಳ್ಳುತ್ತಿದ್ದಾರೆ. ನಂಬಬಹುದೆ?

ಉತ್ತರ: ನಂಬಬಾರದು. ತಿಂಗಳಿಗೆ ಶೇ. 10ರಂತೆ ಬೆಳೆದರೆ ಒಂದು ಲಕ್ಷ ಒಂದು ವರ್ಷದಲ್ಲಿ ರೂ. 3 ಲಕ್ಷ 13 ಸಾವಿರ ದಾಟಬೇಕು. ಇಷ್ಟು ಲಾಭ ಖಾತ್ರಿಯಿದ್ದವನು ಬ್ಯಾಂಕಿನ ಸಾಲ ತಂದು ತಾನೇ ಮಾಡುತ್ತಿದ್ದನು. ನಮ್ಮ ಮನೆ ಬಾಗಿಲಿಗೆ ಬರುತ್ತಿರಲಿಲ್ಲ. ದೇಶದಲ್ಲಿ ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. 2015ರಲ್ಲಿ ಆರಂಭವಾದ ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ 18 ತಿಂಗಳು, ತಿಂಗಳಿಗೆ ಶೇ. 10ರಂತೆ ಬಿಟ್‌ಕಾಯಿನ್ ಕೊಡುವುದಾಗಿ ಹೇಳಿತ್ತು. ಹೊಸ ಸದಸ್ಯರನ್ನು ತಂದವರಿಗೆ ಕಮಿಷನ್ ಇತ್ತು. ಸಿ.ಬಿ.ಐ. ಹೇಳಿಕೆಯಂತೆ, ಹೊಸ ಹಣ ಬರುವುದು ಕಡಿಮೆಯಾದಾಗ 2017ರಲ್ಲಿ ಬಿಟ್‌ಕಾಯಿನ್ ಬದಲು ತಾವೇ ಹುಟ್ಟಿಸಿದ ಕಡಿಮೆ ಬೆಲೆಯ ನಾಣ್ಯ ಕೊಡತೊಡಗಿದರು. 2018ರಲ್ಲಿ ಪುಣೆ ಪೊಲೀಸರು ಮುಖ್ಯಸ್ಥನನ್ನು ಬಂಧಿಸಿದರು.

ಇಂಥ ಯೋಜನೆಗಳಲ್ಲಿ ಮೊದಲು ಸೇರಿದವರಿಗೆ ಕೆಲವು ತಿಂಗಳು ಹಣ ಬರುತ್ತದೆ. ಅದು ಲಾಭವಲ್ಲ, ಹಿಂದಿನಿಂದ ಬಂದವರ ಬಂಡವಾಳ. ಅದನ್ನು ತೋರಿಸಿಯೇ ಬೀಗರನ್ನು, ಅಣ್ಣತಮ್ಮಂದಿರನ್ನು ಸೇರಿಸುತ್ತಾರೆ. ಕೊನೆಗೆ ಹಣದ ಜೊತೆ ಸಂಬಂಧವೂ ಕೆಡುತ್ತದೆ. ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ ಬರುವ ಆ್ಯಪ್‌ಗಳಲ್ಲಿ ಲಾಭ ಏರುತ್ತಿರುವಂತೆ ಕಂಡರೂ, ಹಣ ಹಿಂದೆಗೆಯಲು ಹೋದಾಗ “ಮೊದಲು ತೆರಿಗೆ ಕಟ್ಟಿರಿ” ಎನ್ನುತ್ತಾರೆ. ಅಲ್ಲಿ ಮತ್ತೆ ಒಂದು ಪೈಸೆಯನ್ನೂ ಕಟ್ಟಬಾರದು.

ಪ್ರಶ್ನೆ 10: ಮೋಸವಾದರೆ ಏನು ಮಾಡಬೇಕು?

ಉತ್ತರ: ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930 ಸಂಖ್ಯೆಗೆ ಫೋನ್ ಮಾಡಬೇಕು. ಬ್ಯಾಂಕಿಗೂ ಪೊಲೀಸ್ ಠಾಣೆಗೂ ತಿಳಿಸಬೇಕು. ಹಣ ಇನ್ನೂ ಬ್ಯಾಂಕಿನ ಖಾತೆಗಳಲ್ಲಿದ್ದರೆ ತಡೆಹಿಡಿಯಲು ಸಾಧ್ಯವಿದೆ. ನಾಣ್ಯವಾಗಿ ಹೊರದೇಶಕ್ಕೆ ದಾಟಿದ ಮೇಲೆ ಬಹಳ ಕಷ್ಟ. ತಡಮಾಡಿದಷ್ಟೂ ಆಸೆ ಕಡಿಮೆ. “ಕಳೆದ ನಾಣ್ಯ ತಂದುಕೊಡುತ್ತೇನೆ” ಎಂದು ಶುಲ್ಕ ಕೇಳುವವರು ಎರಡನೆಯ ಸುತ್ತಿನ ಮೋಸಗಾರರು.

ಪ್ರಶ್ನೆ 11: ಹಾಗಾದರೆ ಮನೆಯ ಹುಡುಗನಿಗೆ ರೊಕ್ಕ ಕೊಡಬೇಕೋ, ಬೇಡವೋ?

ಉತ್ತರ: ಈ ನಾಣ್ಯಗಳ ಹಿಂದಿನ ತಂತ್ರ ಸುಳ್ಳಲ್ಲ, ಕಲಿಯಲು ಯೋಗ್ಯವಾದದ್ದೇ. ಹುಡುಗನನ್ನು ಬೈದು ಬಿಟ್ಟರೆ ಅವನು ಗುಟ್ಟಾಗಿ ಮಾಡುತ್ತಾನೆ. ಅದು ಇನ್ನೂ ಕೆಟ್ಟದ್ದು. ಎದುರಿಗೆ ಕುಳ್ಳಿರಿಸಿಕೊಂಡು ಮೂರು ಮಾತು ಕೇಳಿರಿ: ಕೀಲಿಕೈ ಯಾರ ಬಳಿ ಇದೆ? ಈ ಹಣ ಪೂರ್ತಿ ಹೋದರೆ ಯಾವ ಕೆಲಸ ನಿಲ್ಲುತ್ತದೆ? ತೆರಿಗೆಯ ಲೆಕ್ಕ ಬರೆದಿಟ್ಟಿದ್ದೀಯಾ? ಮೂರಕ್ಕೂ ಸರಿಯಾದ ಉತ್ತರ ಬರುವವರೆಗೆ ರೊಕ್ಕ ಕೊಡುವ ಅವಸರ ಬೇಡ.

ಗಮನದಲ್ಲಿಡತಕ್ಕ ಮಾತುಗಳು

1. ಬೆಳೆಸಾಲ, ಕೈಗಡ, ಒತ್ತೆಯಿಟ್ಟ ಬಂಗಾರದ ಹಣ ಇದರಲ್ಲಿ ಹಾಕಬಾರದು.
2. ಬಿಲ್ಲಿನಲ್ಲಿ ಮೊದಲು ಸೊಸಾಯಿಟಿ ಸಾಲ, ಮುಂದಿನ ಬೆಳೆಯ ಖರ್ಚು, ಮನೆಯ ಖರ್ಚು ತೆಗೆದಿಡಬೇಕು. ಉಳಿದದ್ದರಲ್ಲಿಯೂ ಪೂರ್ತಿ ಹೋದರೆ ಚಿಂತೆಯಿಲ್ಲ ಎನ್ನುವಷ್ಟೇ ತೊಡಗಿಸಬಹುದು.
3. ಎಫ್.ಐ.ಯು. ನೋಂದಣಿ ಇಲ್ಲದ ಸಂಸ್ಥೆಯೊಡನೆ ವ್ಯವಹಾರ ಬೇಡ.
4. ಓ.ಟಿ.ಪಿ., ಗುಪ್ತ ಶಬ್ದಗಳನ್ನು ಯಾರಿಗೂ ಹೇಳಬಾರದು; ಸಹಾಯ ಮಾಡುತ್ತೇನೆಂದು ಬಂದವರಿಗಂತೂ ಹೇಳಲೇಬಾರದು.
5. ಖಾತ್ರಿ ಲಾಭ ಎಂಬ ಮಾತು ಕೇಳಿದ ಕೂಡಲೆ ಎದ್ದು ಬರಬೇಕು.

ಬೀಜ ನೋಡದೆ ನಾಟಿ ಮಾಡುವವರಲ್ಲ ನಮ್ಮ ಸಭಾಸದರು. ಹಣ ಹೂಡುವಾಗಲೂ ಅದೇ ಎಚ್ಚರ ಇರಲಿ.

ಕಬ್ಬು ಅಭಿವೃದ್ಧಿ ಅಧಿಕಾರಿ