ಕೊನೆಯ ಸುತ್ತಿನಲ್ಲಿ ಎಡವಿದೆ

ಮಿನಿ ಪ್ರಾಜೆಕ್ಟಿಗೆ ಎಇಎಸ್-128 ಎನ್‌ಕ್ರಿಪ್ಷನ್ ಅನ್ನು ಅಸೆಂಬ್ಲಿಯಲ್ಲಿ ಬರೆದಿದ್ದೆ. ಪ್ರೊಸೆಸರ್‌ನಲ್ಲೇ ಅದಕ್ಕೆಂದು ಇನ್‌ಸ್ಟ್ರಕ್ಷನ್‌ಗಳಿವೆ. ಹತ್ತು ಸುತ್ತು, ಸುತ್ತಿಗೊಂದು. ಮುಚ್ಚಿದ ಸಂದೇಶ ಸರಿಯಾಗಿಯೇ ತೆರೆದುಕೊಂಡಿತು. ಗೆದ್ದೆ ಅಂದುಕೊಂಡೆ.

ವೈವಾ ಹಿಂದಿನ ರಾತ್ರಿ ಗೆಳತಿ ಕೇಳಿದಳು: ‘ಸ್ಟ್ಯಾಂಡರ್ಡ್‌ನಲ್ಲಿರೋ ಉದಾಹರಣೆ ಹಾಕಿ ನೋಡಿದ್ಯೇನೋ?’

2001ರ ಎಫ್‌ಐಪಿಎಸ್-197ರಲ್ಲಿ ಉತ್ತರ ಶುರುವಾಗುವುದು 69ಸಿ4ರಿಂದ. ನನಗೆ ಬಂದದ್ದು ಬೇರೇನೋ. ಎದೆ ಧಸಕ್ಕೆಂದಿತು. ನಾನು ಬಳಸಿದ್ದು ಕೌಂಟರ್ ಮೋಡ್. ಅದರಲ್ಲಿ ಮುಚ್ಚಲೂ ತೆರೆಯಲೂ ಒಂದೇ ಕೋಡ್. ಎರಡೂ ಕಡೆ ಒಂದೇ ತಪ್ಪು, ಹಾಗಾಗಿ ಕಾಣಿಸಿಯೇ ಇರಲಿಲ್ಲ!

ಕೊನೆಯ ಸುತ್ತಿನಲ್ಲಿ ಕಾಲಂ ಬೆರೆಸುವ ಹಂತವಿಲ್ಲ. ಅದಕ್ಕೆ ಎಇಎಸ್‌ಇಎನ್‌ಸಿ ಅಲ್ಲ, ಎಇಎಸ್‌ಇಎನ್‌ಸಿಲಾಸ್ಟ್ ಬೇಕು. ನಾನೋ ಹತ್ತಕ್ಕೂ ಒಂದನ್ನೇ ಬರೆದಿದ್ದೆ. ತಿದ್ದಿದ್ದು ಒಂದೇ ಸಾಲು, ಹುಡುಕಲು ಹಿಡಿದದ್ದು ಇಡೀ ರಾತ್ರಿ.

ಬೆಳಿಗ್ಗೆ ಆರಕ್ಕೆ 69ಸಿ4 ಬಂತು. ನಾಲ್ಕು ಬ್ಲಾಕ್‌ಗಳನ್ನು ಹೆಣೆದು ಓಡಿಸಿ ವೇಗ ಹೆಚ್ಚಿಸುವ ಆಸೆಯಿತ್ತು. ಅದು ವೈವಾ ಮುಗಿದ ಮೇಲೆ.