‘ಸಾಕುಪ್ರಾಣಿಗಳಿಗೂ ಸ್ವಾಗತ’ ಎಂಬ ಹೋಂಸ್ಟೇಯಲ್ಲಿ ನಿಜಕ್ಕೂ ಏನಿರಬೇಕು?

ಸಾರಾಂಶ

ನಾಯಿಗೊಂದು ಮೆತ್ತನೆಯ ಹಾಸಿಗೆ, ಸ್ಟೀಲ್ ಬಟ್ಟಲು, ಸಾಧ್ಯವಾದರೆ ಒಂದು ಈಜುಕೊಳ. ಇಷ್ಟಿದ್ದರೆ ಬಾಡಿಗೆ ಮನೆ ‘ಪೆಟ್ ಫ್ರೆಂಡ್ಲಿ’ ಆಗುತ್ತದೆ ಎಂಬ ನಂಬಿಕೆ ಮಾಲೀಕರಲ್ಲೂ ಇದೆ, ಅತಿಥಿಗಳಲ್ಲೂ ಇದೆ. ಬ್ರಹ್ಮಾವರ, ಕುಂದಾಪುರ, ಬೈಂದೂರು ಭಾಗದ ಹವೆ, ತೋಟ, ಕಡಲು, ಕಾಡುಗಳನ್ನು ಮುಂದಿಟ್ಟುಕೊಂಡು ನಾವು ಇದನ್ನು ಪರಿಶೀಲಿಸಿದೆವು. ನಮ್ಮ ತೀರ್ಮಾನ: ಈ ನಂಬಿಕೆ ಬಹುಮಟ್ಟಿಗೆ ತಪ್ಪು. ಪ್ರಾಣಿಯ ಜೀವ ಉಳಿಸುವ ಸೌಲಭ್ಯಗಳು ಬೇರೆಯೇ ಇವೆ. ಅವು ಜಾಹೀರಾತಿನ ಫೋಟೋದಲ್ಲಿ ಚೆಂದ ಕಾಣುವುದಿಲ್ಲ, ಆದರೆ ಹೆಚ್ಚಿನವಕ್ಕೆ ಖರ್ಚು ಕಡಿಮೆ.

ನಗರದ ಫ್ಲ್ಯಾಟ್ ಮತ್ತು ತೋಟದ ಮನೆ: ಅಪಾಯ ಒಂದೇ ಬಗೆಯದೇ?

ಅಲ್ಲ. ಮಣಿಪಾಲದ ಐದನೇ ಮಹಡಿಯ ಫ್ಲ್ಯಾಟ್‌ನಲ್ಲಿ ಇರುವ ಅಪಾಯ ನೀಲಾವರ ಅಥವಾ ಬಾರ್ಕೂರಿನ ತೋಟದ ಮನೆಯಲ್ಲಿ ಇರುವುದಿಲ್ಲ. ಆದ್ದರಿಂದ ಸೌಲಭ್ಯದ ಪಟ್ಟಿಯೂ ಒಂದೇ ಇರಲಾರದು.

ಫ್ಲ್ಯಾಟ್‌ನಲ್ಲಿ ಮೊದಲು ನೋಡಬೇಕಾದ್ದು ಬಾಲ್ಕನಿ. ಬೆಕ್ಕುಗಳು ಎತ್ತರದಿಂದ ಬೀಳುವುದು ಪಶುವೈದ್ಯರಿಗೆ ಹೊಸ ಪ್ರಕರಣವಲ್ಲ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆ, ಏನೂ ಆಗುವುದಿಲ್ಲ ಎಂಬುದು ಅರ್ಧಸತ್ಯ. ಬೀಳುವಾಗ ಮೈ ತಿರುಗಿಸಿ ಕಾಲಿನ ಮೇಲೆ ಇಳಿಯುವ ಶಕ್ತಿ ಅದಕ್ಕಿದೆ ನಿಜ. ಆದರೆ ದವಡೆ, ಎದೆ, ಕಾಲಿನ ಮೂಳೆಗಳಿಗೆ ಪೆಟ್ಟಾಗುತ್ತದೆ. ಬಾಲ್ಕನಿಗೂ ಕಿಟಕಿಗೂ ಗಟ್ಟಿಯಾದ ಬಲೆ ಹಾಕಿಸುವುದು ಇಲ್ಲಿನ ಮೊದಲ ಸೌಲಭ್ಯ.

ಎರಡನೆಯದು ನೆರೆಹೊರೆ. ನಿವಾಸಿಗಳ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆದರೆ ವಾರಾಂತ್ಯಕ್ಕೆ ಬಂದುಹೋಗುವ ನಾಯಿಗೆ ಮನೆ ಹೊಸದು, ವಾಸನೆ ಹೊಸದು. ಯಜಮಾನರು ಅದನ್ನು ಒಳಗೆ ಬಿಟ್ಟು ಕೃಷ್ಣ ಮಠಕ್ಕೋ ಊಟಕ್ಕೋ ಹೋದರೆ ಅದು ಗಂಟೆಗಟ್ಟಲೆ ಬೊಗಳಬಹುದು. ‘ಪ್ರಾಣಿಯನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ’ ಎಂಬ ಒಂದು ಸಾಲಿನ ನಿಯಮ ಹಾಸಿಗೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತೋಟದ ಮನೆಯಲ್ಲಿ ಪಟ್ಟಿ ಬದಲಾಗುತ್ತದೆ. ಕಟ್ಟೆ ಇಲ್ಲದ ಬಾವಿ, ನೀರು ತುಂಬಿದ ಮದಗ, ಬೇಲಿಯಿಲ್ಲದ ಅಂಗಳ, ಇಲಿ ಪಾಷಾಣ ಇಟ್ಟ ಅಡಿಕೆ ಕೊಟ್ಟಿಗೆ ಇಲ್ಲಿನ ಅಪಾಯಗಳು. ಊರ ನಾಯಿಗೆ ಇವೆಲ್ಲ ಗೊತ್ತು. ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿದ ನಾಯಿಗೆ ಗೊತ್ತಿಲ್ಲ. ಇಡೀ ತೋಟಕ್ಕೆ ಪಾಗಾರ ಕಟ್ಟಿಸಬೇಕಾಗಿಲ್ಲ. ಮನೆಯ ಪಕ್ಕದಲ್ಲಿ ಸ್ವಲ್ಪ ಜಾಗಕ್ಕೆ ನಾಯಿ ನುಸುಳದಂಥ ಬೇಲಿ ಮತ್ತು ಚಿಲಕವಿರುವ ಒಂದು ಗೇಟು, ಬಾವಿಗೆ ಕಟ್ಟೆ ಮತ್ತು ಬಲೆ ಇದ್ದರೆ ಸಾಕು.

ರಾತ್ರಿ ನಾಯಿಯನ್ನು ಜಗಲಿಯಲ್ಲಿ ಕಟ್ಟಿಹಾಕಬಹುದೇ?

ಬೇಡ. ತೋಟದ ಮನೆಗಳಲ್ಲಿ ಅತ್ಯಂತ ಹೆಚ್ಚು ಕಡೆಗಣಿಸಲಾಗುವ ವಿಷಯ ಇದು. ‘ನಾಯಿ ಬರಬಹುದು, ಆದರೆ ರಾತ್ರಿ ಹೊರಗಿರಬೇಕು’ ಎಂಬ ನಿಯಮ ಹಲವೆಡೆ ಸಾಮಾನ್ಯ.

ಉಡುಪಿ ಜಿಲ್ಲೆಯ ಹಳ್ಳಿಗಳಲ್ಲಿ ಚಿರತೆ ಕಾಣಿಸಿಕೊಳ್ಳುವುದು, ಬಾವಿಗೆ ಬೀಳುವುದು ಪತ್ರಿಕೆ ಓದುವವರಿಗೆಲ್ಲ ಪರಿಚಿತ ಸುದ್ದಿ. ಊರ ಹತ್ತಿರ ಬದುಕುವ ಚಿರತೆಗೆ ನಾಯಿ ಮುಖ್ಯ ಆಹಾರ. ಮಹಾರಾಷ್ಟ್ರದ ಅಕೋಲೆ ಭಾಗದ ಕೃಷಿ ಪ್ರದೇಶದಲ್ಲಿ ಚಿರತೆಯ ಹಿಕ್ಕೆಯನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವು ತಿಂದ ಆಹಾರದ ತೂಕದಲ್ಲಿ ಸುಮಾರು 39% ನಾಯಿಗಳದ್ದೇ ಇತ್ತು. ಸರಪಳಿಯಲ್ಲಿರುವ ನಾಯಿಗೆ ಓಡಲೂ ಆಗದು, ಅಡಗಲೂ ಆಗದು. ಸಾಲದ್ದಕ್ಕೆ, ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ರಾತ್ರಿ ಬಾಗಿಲು ಹಾಕಿಕೊಳ್ಳಬಹುದಾದ, ಗಾಳಿಯಾಡುವ ಒಂದು ಒಳಕೋಣೆ ಇದ್ದರೆ ಅದನ್ನು ಸೌಲಭ್ಯ ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಬಹುದು.

ಎಂಜಲು ಬಟ್ಟಲನ್ನೂ ರಾತ್ರಿ ಹೊರಗಿಡಬಾರದು. ಅನ್ನ, ಮೀನಿನ ವಾಸನೆಗೆ ಇಲಿ ಬರುತ್ತದೆ. ಇಲಿಯ ಹಿಂದೆ ನಾಗರಹಾವು, ಕೊಳಕುಮಂಡಲ ಬರುತ್ತವೆ.

ಕರಾವಳಿಯಲ್ಲಿ ಅಷ್ಟೇನೂ ಬಿಸಿಲಿಲ್ಲ, ನಾಯಿಗೆ ತೊಂದರೆ ಇಲ್ಲ ಎನ್ನುವುದು ನಿಜವೇ?

ನಿಜವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ ಕಲಬುರಗಿಯಷ್ಟು ಏರುವುದಿಲ್ಲ. ಆದರೆ ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮತ್ತು ಉಸಿರು ನಾಳದ ತೇವ ಆವಿಯಾಗುವ ಮೂಲಕ ಅದು ಮೈ ತಣಿಸಿಕೊಳ್ಳುತ್ತದೆ. ಕಡಲತೀರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಆವಿಯಾಗುವುದು ನಿಧಾನವಾಗುತ್ತದೆ. ಹೀಗಾಗಿ ಥರ್ಮಾಮೀಟರ್ 33 ಡಿಗ್ರಿ ತೋರಿಸುತ್ತಿದ್ದರೂ ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳು ಬಿಸಿಲಾಘಾತಕ್ಕೆ ಸಿಲುಕಬಹುದು.

ನಾಯಿಯ ಸಹಜ ದೇಹೋಷ್ಣ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ತುರ್ತು ಸ್ಥಿತಿ. ಆಗ ಮಾಡಬೇಕಾದ್ದು ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಫ್ಯಾನ್ ಹಾಕಿ, ಆಮೇಲೆ ವೈದ್ಯರಲ್ಲಿಗೆ ಒಯ್ಯುವುದು. ಮೊದಲು ತಣಿಸಿ, ನಂತರ ಸಾಗಿಸಿ ಎಂಬುದು ನೆನಪಿರಲಿ.

ದೇವಸ್ಥಾನಕ್ಕೆ ಹೋಗಿ ಬರುವ ಅರ್ಧ ಗಂಟೆ ನಾಯಿ ಕಾರಿನಲ್ಲೇ ಇರಲಿ ಎಂಬ ಯೋಚನೆ ಇನ್ನೂ ಅಪಾಯಕಾರಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣಾಂಶ ಅರ್ಧ ಗಂಟೆಯಲ್ಲಿ ಹೊರಗಿಗಿಂತ ಸುಮಾರು 18 ಡಿಗ್ರಿ ಹೆಚ್ಚಬಲ್ಲದು. ಕಿಟಕಿಯನ್ನು ಸ್ವಲ್ಪ ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ.

ಮಾಲೀಕರು ಕೊಡಬೇಕಾದ್ದು ಮೂರು: ಮರದ ನೆರಳು, ಕರೆಂಟು ಹೋದರೂ ತಿರುಗುವ ಒಂದು ಫ್ಯಾನ್, ದಿನಕ್ಕೆರಡು ಬಾರಿ ಬದಲಾಯಿಸುವ ಕುಡಿಯುವ ನೀರು. ಹಳೆಯ ಮನೆಗಳ ಕೆಂಪು ಕಾವಿ ನೆಲ ನಾಯಿಗೆ ಯಾವ ಹಾಸಿಗೆಗಿಂತಲೂ ತಂಪು, ತೊಳೆಯಲೂ ಸುಲಭ.

ಕಡಲಿಗೆ ಕರೆದೊಯ್ಯುವ ಮೊದಲು ಏನು ತಿಳಿದಿರಬೇಕು?

ಮರವಂತೆ, ತ್ರಾಸಿ, ಕೋಡಿ, ಬೈಂದೂರಿನ ಸೋಮೇಶ್ವರ ಎಲ್ಲವೂ ನಾಯಿ ತಂದವರನ್ನು ಸೆಳೆಯುವ ತೀರಗಳು. ಕಡಲ ನೀರು ಹೆಚ್ಚು ಕುಡಿದ ನಾಯಿಗೆ ವಾಂತಿ, ಭೇದಿ ಆಗುತ್ತದೆ. ತೀರಾ ಹೆಚ್ಚಾದರೆ ರಕ್ತದಲ್ಲಿ ಉಪ್ಪಿನಂಶ ಏರಿ ನಡುಕ, ಸೆಳೆತ ಬರಬಹುದು. ಕುಡಿಯುವ ನೀರಿನ ಬಾಟಲಿ ಜೊತೆಗೇ ಇರಬೇಕು. ಬಲೆಯಿಂದ ಬಿದ್ದ ಮೀನನ್ನು ತಿನ್ನಲು ಬಿಡಬಾರದು. ಮೈ ಉಬ್ಬಿಸಿಕೊಳ್ಳುವ ಪಫರ್ ಮೀನಿನಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದ್ದು, ಅದಕ್ಕೆ ಮದ್ದು ಇಲ್ಲ.

ಇನ್ನೊಂದು ಸಂಗತಿ ನಾಯಿಯಿಂದ ಬೇರೆ ಜೀವಕ್ಕೆ ಆಗುವ ಅಪಾಯದ್ದು. ಕುಂದಾಪುರದ ಕೋಡಿ ತೀರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಟ್ಟಿವೆ. ಅರಣ್ಯ ಇಲಾಖೆ ಮತ್ತು ಸ್ಥಳೀಯ ಸ್ವಯಂಸೇವಕರು ಆ ಗೂಡುಗಳನ್ನು ಕಾಯುತ್ತಾರೆ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಅಷ್ಟರಲ್ಲಿ ಒಂದು ನಾಯಿ ಮರಳು ಕೆದರಿದರೆ ಇಡೀ ಗೂಡು ಹೋಗುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ನಾಯಿಯ ಹಗ್ಗ ಕೈಯಲ್ಲೇ ಇರಬೇಕು ಎಂದು ಅತಿಥಿಗಳಿಗೆ ಹೇಳುವುದು ಮಾಲೀಕರ ಜವಾಬ್ದಾರಿ.

ಉಣ್ಣಿ: ಒಬ್ಬ ಅತಿಥಿ ಬಿಟ್ಟುಹೋದದ್ದು ಇನ್ನೊಬ್ಬರಿಗೆ ಅಂಟುತ್ತದೆಯೇ?

ಹೌದು. ಮಾಲೀಕರು ಹೆಚ್ಚು ಎಚ್ಚರ ವಹಿಸಬೇಕಾದ್ದು ಇಲ್ಲಿ. ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣ್ಣಿ ಮನೆಯೊಳಗೇ ಸಂಸಾರ ಹೂಡಬಲ್ಲದು. ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಇಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ರಕ್ತ ಸಿಗದಿದ್ದರೂ ಬೆಳೆದ ಉಣ್ಣಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಾಯಿ ಸಾಕುವವರು ‘ಟಿಕ್ ಫೀವರ್’ ಎಂದು ಕರೆಯುವ ಎರ್ಲಿಕಿಯಾ ಸೋಂಕನ್ನು ಹರಡುವುದು ಇದೇ. ಗಾರೆ ಉದುರಿದ ಕೆಂಪುಕಲ್ಲಿನ ಗೋಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಿರುಕು ಮುಚ್ಚಿಸುವುದು, ಪ್ರತಿ ಅತಿಥಿ ಹೋದ ಮೇಲೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಉಣ್ಣಿ ನಿರೋಧಕ ಔಷಧ ಹಾಕಿದ ನಾಯಿಗಷ್ಟೇ ಪ್ರವೇಶ ಕೊಡುವುದು ಪರಿಹಾರ. ಕಡಲಲ್ಲಿ ಈಜಿಸಿದರೆ ಉಣ್ಣಿ ಸಾಯುತ್ತದೆ ಎಂಬುದು ಸುಳ್ಳು. ಉಣ್ಣಿಗಳು ನೀರಿನಲ್ಲಿ ಮುಳುಗಿದರೂ ಗಂಟೆಗಟ್ಟಲೆ ಬದುಕಬಲ್ಲವು.

ಮಂಗನ ಕಾಯಿಲೆ ಹರಡುವುದು ಈ ಉಣ್ಣಿಯಲ್ಲ, ಮುಖ್ಯವಾಗಿ ಕಾಡಿನ ಬೇರೊಂದು ಜಾತಿಯ ಉಣ್ಣಿ. ಆ ರೋಗ 1957ರಲ್ಲಿ ಘಟ್ಟದ ಮೇಲಿನ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಘಟ್ಟದ ಬುಡದ ಊರುಗಳಲ್ಲಿ ಆ ತಿಂಗಳುಗಳಲ್ಲಿ ನಾಯಿಯೊಂದಿಗೆ ಕಾಡು ಸುತ್ತಿ ಬಂದವರು ನಾಯಿಯ ಮೈಯನ್ನೂ ತಮ್ಮ ಮೈಯನ್ನೂ ನೋಡಿಕೊಳ್ಳಬೇಕು.

ಮಳೆಗಾಲದಲ್ಲಿ ಬೇರೆ ಎಚ್ಚರ ಬೇಕೇ?

ಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಇಲಿ ಜ್ವರ ಮಳೆಗಾಲದ ಕಾಯಿಲೆ. ಇಲಿ, ದನ, ನಾಯಿಗಳ ಮೂತ್ರದ ಮೂಲಕ ನೀರು, ಕೆಸರು ಸೇರುವ ಬ್ಯಾಕ್ಟೀರಿಯಾ ಮನುಷ್ಯರಿಗೂ ನಾಯಿಗೂ ತಗಲುತ್ತದೆ. ಗದ್ದೆ ಅಂಚಿನ ನೀರು ಕುಡಿಯಲು ನಾಯಿಯನ್ನು ಬಿಡಬಾರದು. ಇಲಿ ಜ್ವರಕ್ಕೆ ನಾಯಿಗಳಿಗೆ ಲಸಿಕೆ ಇದೆ, ಅದನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ಬಾಗಿಲ ಬಳಿ ಕಾಲು ತೊಳೆಯುವ ನಲ್ಲಿ ಮತ್ತು ಒಂದು ಹಳೆಯ ಟವೆಲ್ ಇದ್ದರೆ ಅದೂ ಒಳ್ಳೆಯ ಸೌಲಭ್ಯವೇ.

ನೆಲಕ್ಕೆ ಫಿನಾಯಿಲ್ ಹಾಕಿದರೆ ಶುದ್ಧವಾಯಿತಲ್ಲವೇ?

ಬೆಕ್ಕು ಬರುವ ಮನೆಯಲ್ಲಿ ಬೇಡ. ಫಿನಾಲ್ ಇರುವ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ವಿಷವೇರಬಹುದು. ನಾಯಿಗೆ ಹಾಕುವ ಪರ್ಮೆಥ್ರಿನ್ ಉಣ್ಣಿ ಔಷಧವೂ ಬೆಕ್ಕಿಗೆ ವಿಷ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಸಾಕು. ಅಂಗಳದಲ್ಲಿ ಕಣಗಿಲೆ ಗಿಡವಿದ್ದರೆ, ತೋಟದಲ್ಲಿ ಕಾಸರಕದ ಕಾಯಿ ಬಿದ್ದಿದ್ದರೆ ಅವೂ ಪ್ರಾಣಿಗೆ ವಿಷವೇ ಎಂದು ಅತಿಥಿಗೆ ತೋರಿಸಿಕೊಡಿ.

ಮುಂದಿನ ಅತಿಥಿಗೆ ಅಸ್ತಮಾ ಇರಬಹುದು. ಬೆಕ್ಕಿನ ಅಲರ್ಜಿಕಾರಕ ಕಣಗಳು ಬೆಕ್ಕು ಹೋದ ಮೇಲೂ ತಿಂಗಳುಗಟ್ಟಲೆ ಬಟ್ಟೆ, ಸೋಫಾದಲ್ಲಿ ಉಳಿಯುತ್ತವೆ. ಒಂದು ಕೋಣೆಗಾದರೂ ಪ್ರಾಣಿಗಳ ಪ್ರವೇಶ ಇಲ್ಲದಂತೆ ನೋಡಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ರೇಬೀಸ್ ಲಸಿಕೆಯ ಪತ್ರ ಕೇಳಿದರೆ ಅತಿಥಿಗೆ ಬೇಸರವಾಗುವುದಿಲ್ಲವೇ?

ಬೇಸರವಾದರೂ ಕೇಳಲೇಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯ. ಮನೆಯೊಳಗೆ ಸಾಕಿದ ನಾಯಿಗೆ ರೇಬೀಸ್ ಬರುವುದಿಲ್ಲ ಎಂಬುದು ಸುಳ್ಳು. ನಾಯಿ ನೆಕ್ಕಿದರೆ ಗಾಯ ಬೇಗ ಒಣಗುತ್ತದೆ ಎಂಬುದೂ ಅಪಾಯಕಾರಿ ನಂಬಿಕೆ, ಏಕೆಂದರೆ ತೆರೆದ ಗಾಯಕ್ಕೆ ತಗಲಿದ ಜೊಲ್ಲಿನಿಂದಲೂ ವೈರಸ್ ದಾಟಬಹುದು. ತೋಟದ ಮನೆಯಲ್ಲಿ ಊರ ನಾಯಿಗಳು ಬಂದುಹೋಗುತ್ತಿರುತ್ತವೆ, ಮಾಲೀಕರ ಮಕ್ಕಳು ಅತಿಥಿಯ ನಾಯಿಯೊಂದಿಗೆ ಆಡುತ್ತಾರೆ.

ಮೊದಲ ಬಾರಿ ಲಸಿಕೆ ಹಾಕಿದ್ದರೆ ಕನಿಷ್ಠ ಮೂರು ನಾಲ್ಕು ವಾರ ಕಳೆದಿರಬೇಕು, ರೋಗನಿರೋಧಕ ಶಕ್ತಿ ಬೆಳೆಯಲು ಅಷ್ಟು ಸಮಯ ಬೇಕು. ಹೊರಡುವ ಹಿಂದಿನ ದಿನ ಹಾಕಿಸಿದ ಲಸಿಕೆಯ ಪತ್ರಕ್ಕೆ ಬೆಲೆಯಿಲ್ಲ. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಹಚ್ಚಬಾರದು.

ಹಾಗಾದರೆ ಹಣ ಎಲ್ಲಿ ಹಾಕಬೇಕು?

ಬೇಲಿ ಮತ್ತು ಬಾವಿಯ ಬಲೆ ಅಥವಾ ಬಾಲ್ಕನಿಯ ಬಲೆ ಮೊದಲು. ನಂತರ ರಾತ್ರಿಗೆ ಒಳಕೋಣೆ, ನೆರಳು, ಫ್ಯಾನ್, ನೀರು. ಆಮೇಲೆ ಗೋಡೆಯ ಬಿರುಕು ಮುಚ್ಚಿಸುವುದು. ಗೋಡೆಯ ಮೇಲೊಂದು ಹಾಳೆಯಲ್ಲಿ ಹತ್ತಿರದ ಪಶುವೈದ್ಯರ ಫೋನ್ ಸಂಖ್ಯೆ, ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ಘಟಕದ ಉಚಿತ ಸಂಖ್ಯೆ 1962, ಲಸಿಕೆಯ ನಿಯಮ. ಇಷ್ಟಾದ ಮೇಲೆ ಹಣ ಉಳಿದರೆ ಹಾಸಿಗೆ ಕೊಳ್ಳಬಹುದು.

ಅತಿಥಿಗಳು ಕೋಣೆ ಕಾದಿರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳೂ ಇವೇ: ರಾತ್ರಿ ನಾಯಿ ಎಲ್ಲಿ ಮಲಗುತ್ತದೆ? ಬಾವಿಗೆ ಕಟ್ಟೆ ಇದೆಯೇ? ಹತ್ತಿರದ ಪಶುವೈದ್ಯರು ಎಷ್ಟು ದೂರ? ಈ ಮೂರಕ್ಕೆ ತಡವರಿಸದೆ ಉತ್ತರ ಕೊಡುವ ಮನೆಯನ್ನು ಆರಿಸಿಕೊಳ್ಳಿ, ಅಲ್ಲಿ ಈಜುಕೊಳ ಇಲ್ಲದಿದ್ದರೂ ಪರವಾಗಿಲ್ಲ.