ಮಾತಿನ ಪಾಠ ಲ್ಯಾಬ್‌ನಲ್ಲೇ ಇದೆ

ಮಾತಾಡುವುದು ಕಾಮರ್ಸ್‌ನವರ ಕೆಲಸ, ಓದುವುದು ಸೈನ್ಸ್‌ನವರ ಕೆಲಸ ಎಂದು ನಮ್ಮ ಕಾಲೇಜಿನಲ್ಲಿ ಹಲವರು ನಂಬಿದ್ದಾರೆ. ಕಾಲೇಜ್ ಡೇ ಬಂದರೆ ನಿರೂಪಣೆಗೆ, ಸ್ವಾಗತ ಭಾಷಣಕ್ಕೆ ನಮ್ಮ ಸೆಕ್ಷನ್‌ನಲ್ಲೇ ಹುಡುಕುತ್ತಾರೆ. ಸೈನ್ಸ್ ಗೆಳೆಯರನ್ನು ಕರೆದರೆ "ನಮಗೆ ಸಿಇಟಿ ಇದೆ, ನೀಟ್ ಇದೆ, ಇದಕ್ಕೆಲ್ಲ ಟೈಮ್ ಎಲ್ಲಿ?" ಎನ್ನುತ್ತಾರೆ.

ಅವರು ಹೇಳುವುದು ಸುಳ್ಳಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಸರಿಯಾದ ಉತ್ತರದ ವೃತ್ತಕ್ಕೆ ಶಾಯಿ ತುಂಬಿದರೆ ಮುಗಿಯಿತು. ಒಂದು ವಾಕ್ಯ ಬರೆಯಬೇಕಿಲ್ಲ, ಯಾರಿಗೂ ಏನನ್ನೂ ವಿವರಿಸಬೇಕಿಲ್ಲ. ಆದರೆ ಸೀಟು ಸಿಕ್ಕ ಮೇಲೆ, ಓದು ಮುಗಿದ ಮೇಲೆ, ಕೆಲಸಕ್ಕೆ ಹೋದಾಗ ಎದುರಿಗೆ ಮನುಷ್ಯರು ಕೂತಿರುತ್ತಾರೆ. ಅವರು ನಾಲ್ಕು ಆಯ್ಕೆ ಕೊಡುವುದಿಲ್ಲ.

ನಮ್ಮಲ್ಲಿ ಎಷ್ಟೋ ಜನ ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಸೈನ್ಸ್ ಓದುತ್ತಿರುವವರು. ಇಂಟರ್‌ವ್ಯೂ ಹೇಗಿರುತ್ತದೆ, ಅಲ್ಲಿ ಏನು ಹೇಳಬೇಕು ಎಂದು ತಿಳಿಸುವ ಅಣ್ಣನೋ ಆಪಾನೋ ಮನೆಯಲ್ಲಿ ಇರುವುದಿಲ್ಲ. ಒಳ್ಳೆಯ ಮಾರ್ಕ್ಸ್ ಇದ್ದೂ ಬಾಯಿ ಬಿಡಲಾಗದೆ ವಾಪಸ್ ಬಂದರೆ, ಎರಡು ವರ್ಷ ಟ್ಯೂಷನ್‌ಗೆ ಹಣ ಹೊಂದಿಸಿದ ಅಬ್ಬಾ ಅಮ್ಮಿಗೆ ಏನಾಯಿತೆಂದೇ ಅರ್ಥವಾಗುವುದಿಲ್ಲ. ಆದ್ದರಿಂದ ಕಾಮರ್ಸ್ ಓದುವ ನಾನು ಸೈನ್ಸ್ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪುಸ್ತಕ ಹೇಳುವುದು

ದ್ವಿತೀಯ ಪಿಯುಸಿ ಬಿಸಿನೆಸ್ ಸ್ಟಡೀಸ್‌ನಲ್ಲಿ 'ನಿರ್ದೇಶನ' ಎಂಬ ಅಧ್ಯಾಯವಿದೆ. ಅದರಲ್ಲಿ ಸಂವಹನವನ್ನು ಬಿಡಿಸಿ ಹೇಳುತ್ತಾರೆ. ಹೇಳುವವನೊಬ್ಬ, ಕೇಳುವವನೊಬ್ಬ. ಹೇಳುವವನು ತನ್ನ ವಿಚಾರವನ್ನು ಪದಗಳಾಗಿ ಮಾಡುತ್ತಾನೆ. ಕೇಳುವವನು ಆ ಪದಗಳನ್ನು ಮತ್ತೆ ವಿಚಾರವಾಗಿ ಮಾಡಿಕೊಳ್ಳುತ್ತಾನೆ. ಅವನಿಗೆ ಅರ್ಥವಾಯಿತೇ ಎಂದು ತಿಳಿಯುವುದು ಅವನ ಮರುಪ್ರತಿಕ್ರಿಯೆಯಿಂದ. ಮಧ್ಯೆ ಏನೇ ಅಡ್ಡ ಬಂದರೂ ಅದು ಅಡೆತಡೆ. ಪದದ ಅರ್ಥ ಒಬ್ಬೊಬ್ಬರಿಗೆ ಒಂದೊಂದು ರೀತಿ ಆಗುವುದು ಅಂಥ ಅಡೆತಡೆಗಳಲ್ಲಿ ಮೊದಲನೆಯದು.

ಇದನ್ನು ನಾವು ಪರೀಕ್ಷೆಗೆ ಓದುತ್ತೇವೆ. ಸೈನ್ಸ್‌ನವರಿಗೆ ಈ ಅಧ್ಯಾಯ ಇಲ್ಲ. ಆದರೆ ಅವರ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇದಕ್ಕಿಂತ ಒಳ್ಳೆಯ ಪಾಠವಿದೆ.

ಮೂರು ಕಾಲಂ

ಸಾಲ್ಟ್ ಅನಾಲಿಸಿಸ್ ರೆಕಾರ್ಡ್ ತೆರೆದು ನೋಡಿ. ಮೂರು ಕಾಲಂ ಇರುತ್ತವೆ: ಪ್ರಯೋಗ, ವೀಕ್ಷಣೆ, ನಿರ್ಣಯ. ಲವಣಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದೆ, ಇದು ಪ್ರಯೋಗ. ಬುಸಬುಸನೆ ನೊರೆ ಬಂದು ಬಣ್ಣವಿಲ್ಲದ ಅನಿಲ ಹೊರಟಿತು, ಅದು ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡಿತು, ಇದು ವೀಕ್ಷಣೆ. ಕಾರ್ಬೊನೇಟ್ ಇರಬಹುದು, ಇದು ನಿರ್ಣಯ. 'ಇರಬಹುದು' ಎಂದೇ ಬರೆಯಬೇಕು. ದೃಢಪಡಿಸುವ ಪರೀಕ್ಷೆ ಮಾಡಿದ ಮೇಲಷ್ಟೇ 'ಇದೆ' ಎಂದು ಬರೆಯಬಹುದು. ಮೊದಲೇ 'ಇದೆ' ಎಂದು ಬರೆದರೆ ಲೆಕ್ಚರರ್ ಕೆಂಪು ಇಂಕಿನಲ್ಲಿ ಗೀಟು ಹಾಕುತ್ತಾರೆ.

ನಾನು ಏನು ಮಾಡಿದೆ, ಏನು ಕಂಡೆ, ಅದರಿಂದ ಏನು ತಿಳಿದೆ, ಎಷ್ಟು ಖಚಿತವಾಗಿ ತಿಳಿದೆ ಎಂಬ ನಾಲ್ಕನ್ನು ಬೇರೆ ಬೇರೆ ಮಾಡಿ ಹೇಳುವುದೇ ಕೆಲಸದ ಜಾಗದಲ್ಲಿ ಬೇಕಾಗುವ ಮಾತು. ಸೈನ್ಸ್ ವಿದ್ಯಾರ್ಥಿ ಇದನ್ನು ಎರಡು ವರ್ಷ ಬರೆಯುತ್ತಾನೆ, ಆದರೆ ಲ್ಯಾಬ್‌ನಿಂದ ಹೊರಗೆ ಬಂದ ಮೇಲೆ ಬಳಸುವುದಿಲ್ಲ.

ಪೀಣ್ಯದಲ್ಲಿ

ರಾಜಾಜಿನಗರದಿಂದ ಸ್ವಲ್ಪ ಮುಂದೆ ಹೋದರೆ ಪೀಣ್ಯ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಅದೂ ಒಂದು. ನನ್ನ ಚಾಚಾ ಅಲ್ಲಿ ಒಂದು ವರ್ಕ್‌ಶಾಪ್‌ನಲ್ಲಿ ಸೂಪರ್‌ವೈಸರ್. ಹೊಸ ಹುಡುಗರ ಬಗ್ಗೆ ಅವರ ಮಾತು ಯಾವಾಗಲೂ ಒಂದೇ: "ಅಳತೆ ತೆಗೆಯೋಕೆ ಬರುತ್ತೆ, ಹೇಳೋಕೆ ಬರಲ್ಲ."

ಅಳತೆ ನಮ್ಮ ಫಿಸಿಕ್ಸ್ ಲ್ಯಾಬ್‌ನದ್ದೇ. ಇಲ್ಲಿ ಸ್ಕ್ರೂ ಗೇಜ್ ಎನ್ನುವುದನ್ನು ಅಲ್ಲಿ ಮೈಕ್ರೋಮೀಟರ್ ಎನ್ನುತ್ತಾರೆ. ಇಲ್ಲಿ 0.01 ಮಿಲಿಮೀಟರ್ ಎಂದು ಬರೆಯುವುದನ್ನು ಅಲ್ಲಿ ಹತ್ತು ಮೈಕ್ರಾನ್ ಎನ್ನುತ್ತಾರೆ. ಲೇತ್‌ನಲ್ಲಿ ಶಾಫ್ಟ್ ತೆಗೆಯುವಾಗ ಟೂಲ್ ಸವೆದರೆ ಶಾಫ್ಟ್ ಸ್ವಲ್ಪ ದಪ್ಪ ಬರುತ್ತದೆ. ಅದನ್ನು ಕಂಡ ಹುಡುಗ ಎರಡು ರೀತಿ ಹೇಳಬಹುದು.

ಒಂದು: "ಸಾರ್, ಶಾಫ್ಟ್ ಸರಿ ಬರ್ತಿಲ್ಲ."

ಇನ್ನೊಂದು: "ಸಾರ್, ಹತ್ತು ಗಂಟೆಯಿಂದ ಐದು ಪೀಸ್ ಅಳೆದೆ. ಮೂರು ಪೀಸ್ 20 ಮೈಕ್ರಾನ್ ದಪ್ಪ ಇವೆ. ಟೂಲ್ ಸವೆದಿರಬಹುದು ಅನಿಸುತ್ತೆ. ಮೆಷಿನ್ ನಿಲ್ಲಿಸಿದ್ದೀನಿ, ಒಮ್ಮೆ ನೋಡ್ತೀರಾ?"

ಎರಡನೆಯದರಲ್ಲಿ ಇಂಗ್ಲಿಷ್ ವ್ಯಾಕರಣವಿಲ್ಲ, ದೊಡ್ಡ ಪದವಿಲ್ಲ. ಮೂರು ಕಾಲಂ ಇವೆ, 'ಇರಬಹುದು' ಎಂಬ ಎಚ್ಚರವಿದೆ, ಕೊನೆಗೆ ಏನು ಬೇಕು ಎಂಬುದೂ ಇದೆ. ಅದನ್ನು ಕೇಳಿದ ಸೂಪರ್‌ವೈಸರ್‌ಗೆ ಮುಂದೇನು ಮಾಡಬೇಕೆಂದು ತಕ್ಷಣ ತಿಳಿಯುತ್ತದೆ. ಮೊದಲನೆಯದನ್ನು ಕೇಳಿದರೆ ಅವರು ಇನ್ನೂ ಐದು ಪ್ರಶ್ನೆ ಕೇಳಬೇಕು. ಅಷ್ಟರಲ್ಲಿ ಇನ್ನೂ ಹತ್ತು ಪೀಸ್ ಸ್ಕ್ರ್ಯಾಪ್ ಆಗಿರುತ್ತವೆ.

ಆಸ್ಪತ್ರೆಯಲ್ಲಿ

ಪಿಸಿಎಂಬಿ ಓದುವವರಲ್ಲಿ ಹೆಚ್ಚಿನವರಿಗೆ ಡಾಕ್ಟರ್ ಆಗುವ ಆಸೆ. ಇನ್ನು ಕೆಲವರು ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್‌ಗೆ ಹೋಗುತ್ತಾರೆ. ನಮ್ಮ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ಕಡೆ ಕೆಲಸ ಮಾಡುವವರನ್ನು ಊಹಿಸಿಕೊಳ್ಳಿ. ಎದುರಿಗೆ ಬರುವವರು ಗಾರ್ಮೆಂಟ್ಸ್, ಫ್ಯಾಕ್ಟರಿಗಳಲ್ಲಿ ದುಡಿಯುವ ಜನ ಮತ್ತು ಅವರ ಮನೆಯವರು.

ಅಲ್ಲಿ "ರಿಪೋರ್ಟ್ ನೆಗೆಟಿವ್ ಬಂದಿದೆ" ಎಂದರೆ ಹೇಳಿದವರಿಗೆ ಅದು ಒಳ್ಳೆಯ ಸುದ್ದಿ. ಕೇಳಿದವರಿಗೆ ಎದೆ ಧಸಕ್ಕೆನ್ನಬಹುದು, ಏಕೆಂದರೆ ದಿನನಿತ್ಯದ ಮಾತಿನಲ್ಲಿ ನೆಗೆಟಿವ್ ಎಂದರೆ ಕೆಟ್ಟದ್ದು. ನಮ್ಮ ಪುಸ್ತಕದ ಪದದ ಅಡೆತಡೆ ಎಂದರೆ ಇದೇ. "ನೀವು ಹೆದರಿದ ಕಾಯಿಲೆ ರಕ್ತದಲ್ಲಿ ಕಂಡುಬಂದಿಲ್ಲ" ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮಾತ್ರೆಯ ಬಗ್ಗೆ ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. "ಈಗ ಹೇಳಿ, ಇದನ್ನ ಯಾವಾಗ ತಗೋತೀರಿ?" ಎಂದು ಕೇಳಿದರೆ ಮಾತ್ರ ಮರುಪ್ರತಿಕ್ರಿಯೆ ಸಿಗುತ್ತದೆ.

ಇದು ನನ್ನೊಬ್ಬನ ಮಾತಲ್ಲ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡತೆ, ನೈತಿಕತೆ ಮತ್ತು ಸಂವಹನಕ್ಕಾಗಿಯೇ 'ಎಟ್‌ಕಾಮ್' ಎಂಬ ಭಾಗ ಸೇರಿದೆ. ಮೊದಲ ವರ್ಷದ ಆರಂಭದ ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಇದೆ. ಇಂಜಿನಿಯರಿಂಗ್‌ಗೆ ಹೋದರೂ ಹಾಗೆಯೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಸಂವಹನ ಇಂಗ್ಲಿಷ್ ಇದೆ, ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಇದೆ. ಎರಡು ವರ್ಷದ ನಂತರ ಹೇಗೂ ಕಲಿಯಬೇಕಾದ್ದನ್ನು ಈಗಲೇ ಶುರು ಮಾಡಿದರೆ ನಮಗೇ ಹಗುರ.

ಯಾವ ಭಾಷೆಯಲ್ಲಿ?

ನಮ್ಮಲ್ಲಿ ಬಹಳ ಜನರಿಗೆ ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಕಮ್ಯುನಿಕೇಷನ್ ಎಂದ ಕೂಡಲೇ ಎಲ್ಲರಿಗೂ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನೆನಪಾಗುತ್ತದೆ. ಇಂಗ್ಲಿಷ್ ಬೇಕೇ ಬೇಕು. ಆದರೆ ಈ ಊರಿನಲ್ಲಿ ವರ್ಕ್‌ಶಾಪ್‌ನ ಆಪರೇಟರ್, ವಾರ್ಡಿನ ರೋಗಿ, ಸರ್ಕಾರಿ ಕಚೇರಿಯ ಅರ್ಜಿ, ಇವೆಲ್ಲ ಕನ್ನಡದವು. "ನಮ್ಮ ಕನ್ನಡ ಸರಿ ಇಲ್ಲ, ನಗುತ್ತಾರೆ" ಎಂದು ಬಾಯಿ ಮುಚ್ಚಿಕೊಂಡರೆ ಅದು ಎಂದೂ ಸರಿ ಹೋಗುವುದಿಲ್ಲ.

ಇಲ್ಲಿ ನನಗೆ ನೆನಪಾಗುವುದು ಪ್ರೊ. ಕೆ. ಎಸ್. ನಿಸಾರ್ ಅಹಮದ್. ನಮಗೆಲ್ಲ ಅವರು 'ನಿತ್ಯೋತ್ಸವ'ದ ಕವಿ. ಆದರೆ ಅವರು ಸೈನ್ಸ್ ವಿದ್ಯಾರ್ಥಿ ಎಂಬುದು ಹಲವರಿಗೆ ಗೊತ್ತಿಲ್ಲ. 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಅವರು ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿದರು, ನಂತರ ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಸೇರಿದಂತೆ ಸರ್ಕಾರಿ ಕಾಲೇಜುಗಳಲ್ಲಿ ಭೂವಿಜ್ಞಾನದ ಪಾಠ ಹೇಳಿದರು. 2006ರಲ್ಲಿ ಶಿವಮೊಗ್ಗದಲ್ಲಿ ನಡೆದ 73ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2017ರ ಮೈಸೂರು ದಸರಾವನ್ನು ಉದ್ಘಾಟಿಸಿದವರೂ ಅವರೇ. ಕಲ್ಲು, ಖನಿಜಗಳ ಪಾಠ ಮಾಡುತ್ತಲೇ ಅವರು ಕನ್ನಡದ ದೊಡ್ಡ ದನಿಯಾದರು. ನಾವೆಲ್ಲ ಕವಿಗಳಾಗಬೇಕಿಲ್ಲ. ಸೈನ್ಸ್ ಓದಿದವರಿಗೆ ಭಾಷೆ ದೂರ, ನಮ್ಮ ಮನೆಯವರಿಗೆ ಕನ್ನಡ ದೂರ ಎಂಬ ಎರಡೂ ನೆಪಗಳಿಗೆ ಅವರೊಬ್ಬರೇ ಸಾಕು.

ನೋಟ್ಸ್‌ನಿಂದ ಸಿಕ್ಕ ಕೆಲಸ

ವಿದ್ಯುತ್ಕಾಂತೀಯ ಪ್ರೇರಣೆಯ ಅಧ್ಯಾಯದಲ್ಲಿ ನೀವು ಓದುವ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಹೆಚ್ಚು ಶಾಲೆ ಕಲಿತವನಲ್ಲ, ಲಂಡನ್ನಿನಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಕೆಲಸ ಕಲಿಯುತ್ತಿದ್ದವನು. 1812ರಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳುವ ಅವಕಾಶ ಸಿಕ್ಕಿತು. ಕೇಳಿದ್ದನ್ನೆಲ್ಲ ನೀಟಾಗಿ ಬರೆದು, ಚಿತ್ರ ಬಿಡಿಸಿ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಮುಂದೆ ಆತ ಮಾತುಗಾರಿಕೆಯ ಪಾಠವನ್ನೂ ಹೇಳಿಸಿಕೊಂಡ. ಆತ ಕಳಿಸಿದ್ದು ಇಂದಿನ ಭಾಷೆಯಲ್ಲಿ ಒಂದು ರೆಸ್ಯೂಮ್. ಆದರೆ ಅದರಲ್ಲಿ ತನ್ನನ್ನು ತಾನು ಹೊಗಳಿಕೊಂಡಿರಲಿಲ್ಲ, ತಾನು ಮಾಡಿದ ಕೆಲಸವನ್ನೇ ಮುಂದಿಟ್ಟಿದ್ದ.

ನಮ್ಮ ರೆಸ್ಯೂಮ್‌ಗಳಲ್ಲಿ "ನಾನು ಶ್ರಮಜೀವಿ, ಜವಾಬ್ದಾರಿಯುತ ವ್ಯಕ್ತಿ" ಎಂದಿರುತ್ತದೆ. ಇದು ಬರೀ ನಿರ್ಣಯದ ಕಾಲಂ. ವೀಕ್ಷಣೆ ಎಲ್ಲಿ? "ಎರಡು ವರ್ಷ ಬೆಳಗ್ಗೆ ಆರಕ್ಕೆ ಅಬ್ಬಾ ಜೊತೆ ಅಂಗಡಿ ತೆರೆದು, ಒಂಬತ್ತಕ್ಕೆ ಕಾಲೇಜಿನಲ್ಲಿರುತ್ತಿದ್ದೆ" ಎಂದು ಹೇಳಿ. ಶ್ರಮಜೀವಿ ಎಂಬ ನಿರ್ಣಯವನ್ನು ಕೇಳುವವರೇ ಮಾಡಿಕೊಳ್ಳುತ್ತಾರೆ.

ಈ ಟರ್ಮ್‌ನಲ್ಲಿ ಮಾಡಬಹುದಾದ ಐದು ಕೆಲಸ

1. ಪ್ರತಿ ಪ್ರಾಕ್ಟಿಕಲ್ ಮುಗಿದ ಮೇಲೆ ರೆಕಾರ್ಡ್ ನೋಡದೆ ಒಂದು ನಿಮಿಷ ಮಾತಾಡಿ: ಏನು ಮಾಡಿದೆ, ಏನು ಕಂಡೆ, ಏನು ತಿಳಿದೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ವೈವಾಗೂ ಇದೇ ತಯಾರಿ.

2. ವೈವಾದಲ್ಲಿ ಉತ್ತರ ತಿಳಿಯದಿದ್ದರೆ ತಲೆ ತಗ್ಗಿಸಬೇಡಿ. "ಇಷ್ಟು ಗೊತ್ತು ಸರ್, ಇದರ ಮುಂದಿನದು ಗೊತ್ತಿಲ್ಲ" ಎಂದು ಹೇಳಿ. ತಿಳಿದದ್ದು ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳುವುದೂ ಒಂದು ಉತ್ತರವೇ.

3. ವಾರಕ್ಕೊಂದು ವಿಷಯವನ್ನು ಮನೆಯಲ್ಲಿ ದಾದಿಗೋ ತಮ್ಮನಿಗೋ ಉರ್ದುವಿನಲ್ಲಿ ಹೇಳಿ. ಅದನ್ನೇ ಪಕ್ಕದ ಮನೆಯ ಆಂಟಿಗೆ ಕನ್ನಡದಲ್ಲಿ, ಕ್ಲಾಸಿನಲ್ಲಿ ಇಂಗ್ಲಿಷ್‌ನಲ್ಲಿ ಹೇಳಿ. ಉಪ್ಪಿನಕಾಯಿ ಕೆಡದೆ ಉಳಿಯುವುದು ಏಕೆ ಎಂಬುದರಿಂದ ಶುರು ಮಾಡಿ. ಉಪ್ಪು ಸೂಕ್ಷ್ಮಜೀವಿಗಳಿಂದ ನೀರನ್ನು ಹೊರಗೆಳೆಯುತ್ತದೆ. ನಿಮ್ಮ ಆಸ್ಮೋಸಿಸ್ ಪಾಠ ಅಡುಗೆಮನೆಯಲ್ಲೇ ಇದೆ.

4. ಚೆನ್ನಾಗಿ ವಿವರಿಸುವವರನ್ನು ಕೇಳಿ. ಡಾ. ಎಚ್. ನರಸಿಂಹಯ್ಯ 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ನಡೆಸುವ ಬುಧವಾರದ ಉಪನ್ಯಾಸಗಳಿಗೆ ಹೆಸರಾದದ್ದು. ರಾಜಾಜಿನಗರದಿಂದ ಮೆಟ್ರೋ ಹಸಿರು ಮಾರ್ಗ ನೇರವಾಗಿ ನ್ಯಾಷನಲ್ ಕಾಲೇಜ್ ನಿಲ್ದಾಣಕ್ಕೆ ಹೋಗುತ್ತದೆ. ವಿಜಯನಗರ, ಕೆಂಗೇರಿಯವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಬದಲಿಸಬೇಕು. ವರ್ಷಕ್ಕೊಮ್ಮೆ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ಇರುತ್ತದೆ. ಅಲ್ಲಿ ಸಂಶೋಧಕರು ಚಿಕ್ಕ ಮಕ್ಕಳಿಗೆ ತಮ್ಮ ಕೆಲಸವನ್ನು ಹೇಗೆ ವಿವರಿಸುತ್ತಾರೆ ಎಂದು ಗಮನಿಸಿ. ಒಂದು ಪ್ರಶ್ನೆಯಾದರೂ ಕೇಳಿ ಬನ್ನಿ.

5. ರಜೆ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಇಮೇಲ್ ಎಲ್ಲವನ್ನೂ ನೀವೇ ಬರೆಯಿರಿ. ಸೈಬರ್ ಸೆಂಟರ್‌ನ ಅಣ್ಣನಿಗೆ ಬಿಡಬೇಡಿ. ಮೊದಲ ಸಾಲಿನಲ್ಲೇ ಏನು ಬೇಕು ಎಂದು ಬರೆಯಿರಿ, ಕಾರಣ ಆಮೇಲೆ.

ಒಂದು ಕೊಡುಕೊಳ್ಳುವಿಕೆ

ಕೇಳುವವರಿಲ್ಲದೆ ಮಾತು ಕಲಿಯಲಾಗುವುದಿಲ್ಲ. ಸೈನ್ಸ್‌ನವರು ಸೈನ್ಸ್‌ನವರಿಗೇ ಹೇಳಿದರೆ ಅರ್ಧ ಹೇಳುವಷ್ಟರಲ್ಲಿ ಅರ್ಥವಾಗಿಬಿಡುತ್ತದೆ, ಅಭ್ಯಾಸ ಆಗುವುದಿಲ್ಲ. ಏನೂ ಗೊತ್ತಿಲ್ಲದ ಕೇಳುಗರು ಬೇಕು. ಅಂಥವರು ಪಕ್ಕದ ಸೆಕ್ಷನ್‌ನಲ್ಲಿ ತುಂಬಾ ಜನ ಇದ್ದೇವೆ. ಶನಿವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಅರ್ಧ ಗಂಟೆ ಕೂರೋಣ. ನೀವು ಟ್ರಾನ್ಸ್‌ಫಾರ್ಮರ್ ಏಕೆ ಗುಂಯ್‌ಗುಡುತ್ತದೆ ಎಂದು ನಮಗೆ ಹೇಳಿ. ಬ್ಯಾಲೆನ್ಸ್ ಶೀಟ್‌ನ ಎರಡು ಬದಿ ಏಕೆ ಸಮ ಬರುತ್ತವೆ ಎಂದು ನಾವು ಹೇಳುತ್ತೇವೆ. ಅರ್ಥವಾಗದಿದ್ದರೆ ನಾವು ನೇರವಾಗಿ "ತಿಳಿಯಲಿಲ್ಲ" ಎನ್ನುತ್ತೇವೆ, ನೀವೂ ಹಾಗೇ ಎನ್ನಿ. ಲೆಕ್ಚರರ್‌ಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಅದಕ್ಕೆ ಒಂದು ಖಾಲಿ ಕ್ಲಾಸ್‌ರೂಂ ತೆರೆದಿಡಿ.